ವೇತನ ಅಂದರೆ ಯಾವುದು? ಹೊಸ ಕಾರ್ಮಿಕ ಸಂಹಿತೆಗಳನ್ನು ಇಲ್ಲಿಂದ ಓದಲು ಶುರುಮಾಡಿ

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 29 ಹಳೇ ಕಾಯ್ದೆಗಳ ಜಾಗಕ್ಕೆ ಇವು ಬಂದಿವೆ. ನಾಲ್ಕರ ಹೆಸರನ್ನು ಬಾಯಿಪಾಠ ಮಾಡುವುದು ಕಷ್ಟವೇನಲ್ಲ. ಆದರೆ ಮಾಲೀಕರಿಗೆ, ಸಂಬಳದ ಲೆಕ್ಕ ಬರೆಯುವವರಿಗೆ ದಿನಾ ಎದುರಾಗುವುದು ಒಂದೇ ಪದ: ವೇತನ. ಈ ನಾಲ್ಕರಲ್ಲಿ ಒಂದಾದ ವೇತನ ಸಂಹಿತೆಯ 2(ವೈ) ಕಲಮು ಅರ್ಥವಾದರೆ ಪಿಎಫ್ (ಭವಿಷ್ಯ ನಿಧಿ), ಗ್ರಾಚ್ಯುಟಿ (ಕೆಲಸ ಬಿಡುವಾಗ ದುಡಿದ ವರ್ಷಗಳಿಗೆ ಸಿಗುವ ಇಡುಗಂಟು) ಎರಡರ ಲೆಕ್ಕವೂ ಸಲೀಸಾಗುತ್ತದೆ.

"ಬೇಸಿಕ್ (ಮೂಲ ಸಂಬಳ) ಒಟ್ಟು ಸಂಬಳದ ಶೇ 50 ಇರಲೇಬೇಕು" ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಕಲಮನ್ನು ನಿಧಾನವಾಗಿ ಓದಿ, ಹಾಗೆಲ್ಲೂ ಬರೆದಿಲ್ಲ. ಅಲ್ಲಿರುವುದು ಇಷ್ಟು: ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ), ಪ್ರಯಾಣ ಭತ್ಯೆ, ಓವರ್‌ಟೈಮ್, ಕಮಿಷನ್ ಮುಂತಾದವು ವೇತನದ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಹೀಗೆ ಹೊರಗಿಟ್ಟ ಮೊತ್ತ ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟನ್ನು ವೇತನಕ್ಕೆ ವಾಪಸ್ ಸೇರಿಸಬೇಕು. ಬೇಸಿಕ್ ಕಡಿಮೆ ಇಟ್ಟ ಮಾತ್ರಕ್ಕೆ ಅಪರಾಧವಾಗುವುದಿಲ್ಲ, ಲೆಕ್ಕ ಬದಲಾಗುತ್ತದೆ.

ಒಂದು ಪೇ ಸ್ಲಿಪ್ ನೋಡೋಣ. ಒಟ್ಟು 30,000 ರೂಪಾಯಿ. ಬೇಸಿಕ್ 10,000, ಎಚ್‌ಆರ್‌ಎ 12,000, ಪ್ರಯಾಣ ಭತ್ಯೆ 8,000. (ಮಾಲೀಕರ ಪಿಎಫ್ ಪಾಲು ಕೂಡ ಹೊರಗಿಡುವ ಪಟ್ಟಿಯಲ್ಲಿದೆ. ಲೆಕ್ಕ ಸುಲಭವಾಗಲಿ ಅಂತ ಇಲ್ಲಿ ಬಿಟ್ಟಿದ್ದೇನೆ.) ಹೊರಗಿಟ್ಟದ್ದು 20,000, ಅರ್ಧ ಅಂದರೆ 15,000. ದಾಟಿದ 5,000 ವಾಪಸ್ ಬಂದು ವೇತನ 15,000 ಆಯಿತು. ಈ ನೌಕರ 10 ವರ್ಷ ದುಡಿದು ಬಿಟ್ಟರೆ ಗ್ರಾಚ್ಯುಟಿ ಎಷ್ಟು? ಸೂತ್ರ ಹಳೆಯದೇ: ವೇತನವನ್ನು 26ರಿಂದ ಭಾಗಿಸಿ, 15ರಿಂದಲೂ ವರ್ಷಗಳಿಂದಲೂ ಗುಣಿಸಿ. ಬೇಸಿಕ್ ಮೇಲೆ ಮಾತ್ರ ಕೊಟ್ಟಿದ್ದರೆ 57,692 ರೂಪಾಯಿ. ಈಗ 86,538. ಒಬ್ಬನಿಗೇ ಸುಮಾರು 29,000 ಜಾಸ್ತಿ. ಇನ್ನೂರು ಜನ ಇರುವ ಕಾರ್ಖಾನೆ ಈ ಹಣವನ್ನು ಈಗಲೇ ತೆಗೆದಿಡದಿದ್ದರೆ ಮುಂದೆ ಒದ್ದಾಡಬೇಕಾಗುತ್ತದೆ.

'ಸ್ಪೆಷಲ್ ಅಲೊವೆನ್ಸ್' ಅಂತ ಹೆಸರಿಟ್ಟರೆ ತಪ್ಪಿಸಿಕೊಳ್ಳಬಹುದು ಅಂದುಕೊಳ್ಳಬೇಡಿ. ಹೊರಗಿಡುವ ಪಟ್ಟಿಯಲ್ಲಿ ಆ ಹೆಸರಿನ ಭತ್ಯೆಯೇ ಇಲ್ಲ.

ನಿಗದಿತ ಅವಧಿಗೆ ಸೇರಿಸಿಕೊಂಡ ನೌಕರರಿಗೆ ಗ್ರಾಚ್ಯುಟಿ ಪಡೆಯಲು ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷ ಸಾಕು. ನೇಮಕಾತಿ ಪತ್ರ ಕೊಡುವುದೂ ಈಗ ಕಡ್ಡಾಯ.

ಕೊನೆಯದಾಗಿ, ಕೆಲಸ ಬಿಟ್ಟವರ ಲೆಕ್ಕ. "ಫುಲ್ ಅಂಡ್ ಫೈನಲ್ ಮುಂದಿನ ತಿಂಗಳು ಬನ್ನಿ" ಎನ್ನುವುದು ಅನೇಕ ಕಡೆ ರೂಢಿ. 17(2) ಕಲಮಿನ ಪ್ರಕಾರ ರಾಜೀನಾಮೆ ಕೊಟ್ಟು ಹೋದವರಿಗೂ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಸಿಗಬೇಕು. ಗ್ರಾಚ್ಯುಟಿಯ ಗಡುವು ಬೇರೆ, 30 ದಿನ. ಇವೆರಡನ್ನೂ ಒಟ್ಟಿಗೆ ಕೊಟ್ಟರಾಯಿತು ಅಂತ ಸಂಬಳವನ್ನೂ ತಡೆದಿಡುವಂತಿಲ್ಲ. ಮನೆ ಬಾಡಿಗೆ ಕಟ್ಟಬೇಕಾದವರಿಗೆ ಆ ಎರಡು ದಿನ ಎಷ್ಟು ಮುಖ್ಯ ಅಂತ ಸಂಬಳದ ಲೆಕ್ಕ ಬರೆಯುವವರೆಲ್ಲ ನೆನಪಿಟ್ಟುಕೊಳ್ಳಬೇಕು.