ಕೂಸಿನ ತೂಕ, ತಾಯಿಯ ಜ್ವರ

ಹೆರಿಗೆ ವಿಭಾಗದಲ್ಲಿ ಕೆಲಸ ಮಾಡುವ ನಾವು ತಾಯಿ ಕಾರ್ಡ್ ತೆರೆದಾಗ ತಪಾಸಣೆಯ ಕಾಲಂಗಳೆಲ್ಲ ತುಂಬಿದ್ದರೆ ಅರ್ಧ ಚಿಂತೆ ಕಳೆಯಿತೆಂದುಕೊಳ್ಳುತ್ತೇವೆ. ಆಗೆಲ್ಲ ನನಗೆ ಎರಡು ಮಹಾಯುದ್ಧಗಳ ನಡುವಿನ ಇಂಗ್ಲೆಂಡ್ ನೆನಪಾಗುತ್ತದೆ.

ಗರ್ಭಿಣಿಯರ ತಪಾಸಣಾ ಕೇಂದ್ರ, ಶಿಶು ಕಲ್ಯಾಣ ಕೇಂದ್ರ, ಮನೆಮನೆಗೆ ಹೋಗುವ ಆರೋಗ್ಯ ಸಂದರ್ಶಕಿಯರು, ಇವನ್ನೆಲ್ಲ ಏರ್ಪಡಿಸುವ ಅಧಿಕಾರವನ್ನು 1918ರ ತಾಯಿ-ಶಿಶು ಕಲ್ಯಾಣ ಕಾಯ್ದೆ ಅಲ್ಲಿನ ಸ್ಥಳೀಯ ಸಂಸ್ಥೆಗಳಿಗೆ ನೀಡಿತು. ತಾಯಂದಿರು ಕೂಸುಗಳನ್ನು ಕೇಂದ್ರಕ್ಕೆ ತಂದು ತಕ್ಕಡಿಯಲ್ಲಿ ಮಲಗಿಸುತ್ತಿದ್ದರು, ತೂಕ ಕಾರ್ಡಿಗೆ ಏರುತ್ತಿತ್ತು, ಬಡವರಿಗೆ ಹಾಲಿನ ಪುಡಿ ಅಗ್ಗದಲ್ಲಿ ಸಿಗುತ್ತಿತ್ತು. 1920ರಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಸುಮಾರು 80 ಕೂಸುಗಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 1930ರ ಹೊತ್ತಿಗೆ ಆ ಸಂಖ್ಯೆ 60ಕ್ಕೆ ಇಳಿಯಿತು. ಮನೆಗಳು ಸುಧಾರಿಸಿದ್ದೂ ಮಕ್ಕಳ ಸಂಖ್ಯೆ ಕಡಿಮೆಯಾದದ್ದೂ ಇದಕ್ಕೆ ಕಾರಣ ಎಂಬುದನ್ನು ಮರೆಯಬಾರದು.

ತಾಯಂದಿರ ಸಾವು ಮಾತ್ರ ಕದಲಲಿಲ್ಲ. ಸಾವಿರ ಹೆರಿಗೆಗೆ ನಾಲ್ಕಕ್ಕಿಂತ ಹೆಚ್ಚು ತಾಯಂದಿರು ಸಾಯುತ್ತಿದ್ದ ಸ್ಥಿತಿ 1930ರ ದಶಕದ ಮಧ್ಯದವರೆಗೂ ಹಾಗೆಯೇ ಉಳಿಯಿತು. ಅವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನವರನ್ನು ಬಲಿ ತೆಗೆದುಕೊಂಡದ್ದು ಬಾಣಂತಿ ಜ್ವರ, ಅಂದರೆ ಹೆರಿಗೆಯ ಹೊತ್ತಿನಲ್ಲಿ ರೋಗಾಣು ಒಳಹೊಕ್ಕು ಬರುವ ಸೋಂಕು. ಬಡತನವೇ ಕಾರಣವೆನ್ನಲು ಬರುವಂತಿರಲಿಲ್ಲ. ಶ್ರೀಮಂತರ ಮನೆಗಳಲ್ಲಿ, ವೈದ್ಯರೇ ಬಂದು ಕ್ಲೋರೋಫಾರಂ ಕೊಟ್ಟು ಅವಸರದಲ್ಲಿ ಫೋರ್ಸೆಪ್ಸ್ (ಮಗುವಿನ ತಲೆ ಹಿಡಿದು ಹೊರತೆಗೆಯುವ ಇಕ್ಕಳ) ಹಾಕುತ್ತಿದ್ದ ಕಡೆಯೂ, ಸಾವು ಕಡಿಮೆಯಿರಲಿಲ್ಲ.

ಇದರಲ್ಲಿ ಆಶ್ಚರ್ಯವಿಲ್ಲ ಎನ್ನುವುದು ನನ್ನ ಅಭಿಪ್ರಾಯ. ತಪಾಸಣಾ ಕೇಂದ್ರ ಏರಿದ ರಕ್ತದೊತ್ತಡವನ್ನೋ ಇಕ್ಕಟ್ಟಾದ ಸೊಂಟದ ಮೂಳೆಯನ್ನೋ ಹಿಡಿಯಬಲ್ಲದು, ಆದರೆ ರೋಗಾಣು ಒಳಹೊಕ್ಕುವುದು ಹೆರಿಗೆಯ ಹೊತ್ತಿನಲ್ಲಿ, ಮತ್ತು ಆ ಹೊತ್ತಿಗೆ ಪಕ್ಕದಲ್ಲಿರುತ್ತಿದ್ದವರು ಅನೇಕ ವೇಳೆ ಕೇಂದ್ರದಲ್ಲಿ ತಪಾಸಣೆ ಮಾಡಿದವರಲ್ಲ, ಬೇರೆಯೇ ಯಾರೋ. ಆ ರೋಗಾಣು, ಅಂದರೆ ಸ್ಟ್ರೆಪ್ಟೋಕಾಕಸ್, ಹೆರಿಗೆ ಮಾಡಿಸುವವರ ಮೂಗು ಗಂಟಲಿನಿಂದಲೇ ಬರಬಲ್ಲದು ಎಂಬುದನ್ನು ವೈದ್ಯೆ ಡೋರಾ ಕೋಲ್‌ಬ್ರೂಕ್ 1935ರಲ್ಲಿ ತೋರಿಸಿದರು. ಮರುವರ್ಷ ಅವರ ಅಣ್ಣ ಲಿಯೊನಾರ್ಡ್ ಕೋಲ್‌ಬ್ರೂಕ್ ಲಂಡನ್ನಿನ ಕ್ವೀನ್ ಶಾರ್ಲಟ್ಸ್ ಆಸ್ಪತ್ರೆಯಲ್ಲಿ ಪ್ರಾಂಟೊಸಿಲ್ ಎಂಬ, ರೋಗಾಣುವನ್ನು ಹತ್ತಿಕ್ಕುವ ಸಲ್ಫಾ ಔಷಧಿ ಕೊಟ್ಟು ನೋಡಿದಾಗ, ಬಾಣಂತಿ ಜ್ವರದ ರೋಗಿಗಳಲ್ಲಿ ನೂರಕ್ಕೆ ಇಪ್ಪತ್ತರ ಆಸುಪಾಸಿನಲ್ಲಿದ್ದ ಸಾವು ಐದಕ್ಕಿಂತ ಕೆಳಗೆ ಬಂತು. ಅದೇ 1936ರ ಸೂಲಗಿತ್ತಿಯರ ಕಾಯ್ದೆ, ತರಬೇತಿ ಪಡೆದ ಸೂಲಗಿತ್ತಿಯರಿಗೆ ಸಂಬಳ ಕೊಟ್ಟು ಸೇವೆ ಒದಗಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿತು. 1950ರ ವೇಳೆಗೆ ತಾಯಂದಿರ ಸಾವು ಸಾವಿರಕ್ಕೆ ಒಂದಕ್ಕಿಂತ ಕಡಿಮೆಯಾಗಿತ್ತು.

ಹೊಸದಾಗಿ ಬಂದ ನರ್ಸ್ ಹೆರಿಗೆ ಕೋಣೆಯಲ್ಲಿ ಮಾಸ್ಕನ್ನು ಮೂಗಿನ ಕೆಳಗೆ ಇಳಿಸಿಕೊಂಡಿದ್ದರೆ, ಗದರುವ ಬದಲು ನಾನು ಡೋರಾ ಕೋಲ್‌ಬ್ರೂಕ್ ಅವರ ವಿಷಯ ಹೇಳುತ್ತೇನೆ. ಕಾಲಂಗಳೆಲ್ಲ ತುಂಬಿದ ತಾಯಿ ಕಾರ್ಡನ್ನು ಮಡಚಿ ಕೊಡುವ ಮೊದಲು ಗರ್ಭಿಣಿಯ ತಾಯಿಯನ್ನೋ ಅತ್ತೆಯನ್ನೋ ಕರೆದು, "ಅಮ್ಮಾ, ನಡುರಾತ್ರಿ ನೋವು ಬಂದರೆ ಇವಳನ್ನು ಎಲ್ಲಿಗೆ, ಯಾವ ಗಾಡಿಯಲ್ಲಿ ಕರೆದುಕೊಂಡು ಹೋಗುತ್ತೀರಿ?" ಎಂದು ಕೇಳುತ್ತೇನೆ.