ಆರ್‌ಎನ್‌ಒಆರ್: ಊರಿಗೆ ಬಂದರೂ ಪೂರ್ತಿ ಊರಿನವರಾಗದ ಕಾಲ

"ಭಾವ, ಆಧಾರ್ ಇದೆ, ಗ್ಯಾಸ್ ಬುಕ್ ಮಾಡ್ತೀನಿ, ನೀರಿನ ಬಿಲ್ ಕಟ್ತೀನಿ. ಆದ್ರೂ ಆಡಿಟರ್ ನನ್ನನ್ನ ಅರ್ಧ ನಿವಾಸಿ ಅಂತಾರಲ್ಲ!"

ಹದಿನಾಲ್ಕು ವರ್ಷ ಅಮೆರಿಕದಲ್ಲಿದ್ದು ಮೈಸೂರಿಗೆ ಮರಳಿದ ನನ್ನ ಭಾಮೈದನ ಗೊಣಗಾಟ ಇದು. ಆಡಿಟರ್ ಹೇಳಿದ್ದು ಬೈಗುಳವೇನಲ್ಲ, ಸಿಕ್ಕಿದ್ದಕ್ಕೆ ಖುಷಿಪಡಬೇಕಾದ ಪಟ್ಟ. ಅದರ ಹೆಸರು ಆರ್‌ಎನ್‌ಒಆರ್. 'ರೆಸಿಡೆಂಟ್ ಬಟ್ ನಾಟ್ ಆರ್ಡಿನರಿಲಿ ರೆಸಿಡೆಂಟ್' ಎಂಬುದರ ಮೊದಲಕ್ಷರಗಳು. ನಿವಾಸಿ ಹೌದು, ಆದರೆ ಸಾಮಾನ್ಯ ನಿವಾಸಿ ಅಲ್ಲ. ಕನ್ನಡದಲ್ಲಿ ನಾನಂತೂ ಇದನ್ನು 'ಹೊಸ್ತಿಲ ನಿವಾಸಿ' ಎನ್ನುತ್ತೇನೆ: ಒಂದು ಕಾಲು ಒಳಗೆ, ಇನ್ನೊಂದು ಹೊರಗೆ.

ಬ್ರಿಟಿಷರ ಕಾಲದ 1922ರ ತೆರಿಗೆ ಕಾಯ್ದೆಯಲ್ಲೂ ಇದ್ದ ಈ ವರ್ಗ 1961ರ ಕಾಯ್ದೆಗೆ ಬಂತು. 2026ರ ಏಪ್ರಿಲ್ 1ರಿಂದ ಜಾರಿಯಾದ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲೂ ಉಳಿದುಕೊಂಡಿದೆ. ಪೂರ್ತಿ ನಿವಾಸಿಯಾದವರು ಜಗತ್ತಿನ ಯಾವ ಮೂಲೆಯಲ್ಲಿ ದುಡಿದ ಹಣಕ್ಕೂ ಇಲ್ಲಿ ಲೆಕ್ಕ ಕೊಡಬೇಕು. ಹೊಸ್ತಿಲ ನಿವಾಸಿ ಸಾಮಾನ್ಯವಾಗಿ ಇಲ್ಲಿನ ಆದಾಯಕ್ಕೆ ತೆರಿಗೆ ಕಟ್ಟಿದರೆ ಸಾಕು. ಅಲ್ಲಿನ ಬಡ್ಡಿ, ಡಿವಿಡೆಂಡ್, ಮನೆ ಬಾಡಿಗೆ, ಷೇರು ಮಾರಿದ ಲಾಭ ಯಾವುದನ್ನೂ ಭಾರತ ಮುಟ್ಟುವುದಿಲ್ಲ.

ಆದರೆ ಈ ಪಟ್ಟವನ್ನು ಯಾರೂ ಅರ್ಜಿ ಹಾಕಿ ಪಡೆಯುವುದಿಲ್ಲ. ಅದು ಬರುವುದೂ ಹೋಗುವುದೂ ದಿನಗಳ ಎಣಿಕೆಯಿಂದ.

ಮೊದಲ ಎಣಿಕೆ: ಒಂದು ಆರ್ಥಿಕ ವರ್ಷದಲ್ಲಿ 182 ದಿನ ಇಲ್ಲಿದ್ದರೆ ನಿವಾಸಿ. 60 ದಿನ ಇದ್ದು, ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇದ್ದಿದ್ದರೂ ನಿವಾಸಿಯೇ. ರಜೆಗೆಂದು ಬಂದುಹೋಗುವ ಅನಿವಾಸಿಗಳಿಗೆ ಈ 60ರಲ್ಲಿ ರಿಯಾಯಿತಿ ಇದೆ, ಕಾಯಂ ಬಂದವರಿಗೆ ಅದು ಸಲ್ಲದು. ಹೀಗೆ ನಿವಾಸಿ ಎಂದಾದ ಮೇಲೆ ಎರಡನೆಯ ಎಣಿಕೆ. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದರೆ, ಅಥವಾ ಹಿಂದಿನ ಏಳು ವರ್ಷಗಳಲ್ಲಿ ಇಲ್ಲಿ ಕಳೆದದ್ದು 729 ದಿನ ಮೀರದಿದ್ದರೆ, ಆರ್‌ಎನ್‌ಒಆರ್. ಎರಡರಲ್ಲಿ ಒಂದು ಹೊಂದಿದರೂ ಆಯಿತು.

ಭಾಮೈದ 2024ರ ಸೆಪ್ಟೆಂಬರ್ 20ಕ್ಕೆ ಬರುವವನಿದ್ದ, ದಸರಾಕ್ಕೆ ಮುಂಚೆ ಮನೆ ಹೂಡಿಬಿಡೋಣ ಅಂತ. ಯಾರೋ ಬುದ್ಧಿ ಹೇಳಿ ಟಿಕೆಟ್ ಮುಂದೆ ಹಾಕಿಸಿದರು. ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟನೆಯಾಗಿ ಎರಡು ದಿನಕ್ಕೆ, ಅಕ್ಟೋಬರ್ 5ಕ್ಕೆ ಬಂದಿಳಿದ. ಅಲ್ಲಿಂದ ಮಾರ್ಚ್ 31ರವರೆಗೆ 178 ದಿನ. ಅದಕ್ಕೂ ಹಿಂದೆ ವರ್ಷಕ್ಕೆ 30 ದಿನದಂತೆ ಬರುತ್ತಿದ್ದ, ನಾಲ್ಕು ವರ್ಷಕ್ಕೆ 120. ಯಾವ ಎಣಿಕೆಗೂ ಸಿಕ್ಕದೆ ಆ ವರ್ಷ ಅನಿವಾಸಿಯಾಗಿಯೇ ಉಳಿದ. ಮುಂದಿನ ಎರಡು ವರ್ಷ, ಅಂದರೆ 2025-26 ಮತ್ತು 2026-27, ಆರ್‌ಎನ್‌ಒಆರ್. 2027ರ ಏಪ್ರಿಲ್ 1ರಿಂದ ಪೂರ್ತಿ ನಿವಾಸಿ.

ಸೆಪ್ಟೆಂಬರ್ 20ಕ್ಕೇ ಬಂದಿದ್ದರೆ? 193 ದಿನವಾಗಿ ಮೊದಲ ವರ್ಷವೇ ನಿವಾಸಿಯಾಗುತ್ತಿದ್ದ. ಒಂಬತ್ತು ವರ್ಷದ ಲೆಕ್ಕದಿಂದ 2024-25 ಮತ್ತು 2025-26ಕ್ಕೆ ಆರ್‌ಎನ್‌ಒಆರ್ ಪಟ್ಟ ಸಿಗುತ್ತಿತ್ತು. 2026-27ಕ್ಕೆ ಉಳಿಯುತ್ತಿದ್ದದ್ದು 729 ದಿನಗಳ ಲೆಕ್ಕ ಒಂದೇ: 193, ಮುಂದಿನ ವರ್ಷದ 365, ಅದಕ್ಕೂ ಹಿಂದಿನ ಐದು ವರ್ಷಗಳ ರಜೆ 150, ಒಟ್ಟು 708. 729ರೊಳಗೇ ಅನ್ನಿ, ಕೂದಲೆಳೆಯಲ್ಲಿ. ಐದು ವರ್ಷದಲ್ಲಿ ತಂಗಿಯ ಮದುವೆಗೆಂದೋ, ಅಪ್ಪನ ಆಪರೇಷನ್‌ಗೆಂದೋ 22 ದಿನ ಹೆಚ್ಚು ನಿಂತಿದ್ದರೆ ಒಂದು ಇಡೀ ವರ್ಷ ಕೈಬಿಡುತ್ತಿತ್ತು. ಹಳೆಯ ಪಾಸ್‌ಪೋರ್ಟ್‌ಗಳನ್ನು ಎಸೆಯಬೇಡಿ ಎಂದು ಆಡಿಟರುಗಳು ಬಡಿದುಕೊಳ್ಳುವುದು ಇದಕ್ಕೇ.

ಇನ್ನು ಬಹಳ ಜನ ಎಡವುವ ಜಾಗ. ತೆರಿಗೆ ಕಾಯ್ದೆ ದಿನ ಎಣಿಸುತ್ತದೆ, ವಿದೇಶಿ ವಿನಿಮಯದ ಫೆಮಾ ಕಾಯ್ದೆ ಉದ್ದೇಶ ನೋಡುತ್ತದೆ. ಇಲ್ಲೇ ನೆಲೆಸಲು ಬಂದಿಳಿದ ದಿನದಿಂದಲೇ ಫೆಮಾದ ಕಣ್ಣಿಗೆ ನೀವು ನಿವಾಸಿ. ಹೀಗಾಗಿ ಒಬ್ಬನೇ ಮನುಷ್ಯ ಒಂದೇ ದಿನ ಒಂದು ಕಾಯ್ದೆಗೆ ಹೊರಗಿನವ, ಇನ್ನೊಂದಕ್ಕೆ ಒಳಗಿನವ. ಇದರ ಏಟು ಬೀಳುವುದು ಎನ್‌ಆರ್‌ಇ ಖಾತೆಗೆ, ಅಂದರೆ ಅನಿವಾಸಿಗಳು ವಿದೇಶದ ದುಡಿಮೆಯನ್ನು ಇಲ್ಲಿ ರೂಪಾಯಿಯಲ್ಲಿ ಇಡುವ ಖಾತೆಗೆ. ಅದರ ಬಡ್ಡಿಗೆ ತೆರಿಗೆ ಇಲ್ಲ ಎಂಬ ಮಾತು ಫೆಮಾ ಪ್ರಕಾರ ಅನಿವಾಸಿಯಾಗಿರುವ ತನಕ ಮಾತ್ರ. ಭಾಮೈದ ಏಳು ತಿಂಗಳು ಬ್ಯಾಂಕಿಗೆ ತಿಳಿಸದೆ ಹಾಗೇ ಬಿಟ್ಟಿದ್ದ. ಅಷ್ಟೂ ದಿನದ ಬಡ್ಡಿಯನ್ನು ಆಮೇಲೆ ಆದಾಯಕ್ಕೆ ಸೇರಿಸಿ ತೆರಿಗೆ ಕಟ್ಟಿದ. ಅದೇ ಹಣ, ಮರಳಿ ಬಂದವರು ವಿದೇಶಿ ಹಣ ಇಡುವ ಆರ್‌ಎಫ್‌ಸಿ ಖಾತೆಯಲ್ಲಿ ಡಾಲರ್ ಆಗಿ ಕೂತಿದ್ದರೆ, ಆರ್‌ಎನ್‌ಒಆರ್ ಇರುವಷ್ಟು ಕಾಲ ಅದರ ಬಡ್ಡಿಗೆ ತೆರಿಗೆ ಇರುತ್ತಿರಲಿಲ್ಲ. ಅಲ್ಲಿದ್ದಾಗ ಕೊಂಡ ಷೇರು, ಮನೆಗಳನ್ನು ಮಾತ್ರ ಫೆಮಾ ಮಾರಿಬಾ ಎನ್ನುವುದಿಲ್ಲ, ಎಷ್ಟು ಕಾಲ ಬೇಕಾದರೂ ಇಟ್ಟುಕೊಳ್ಳಬಹುದು.

ಇನ್ನೊಂದು ತಪ್ಪು ತಿಳಿವಳಿಕೆ: ಮೈಸೂರಿನ ಮನೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಅಮೆರಿಕದ ಕಂಪನಿಗೆ ದುಡಿದರೆ ಆ ಸಂಬಳ ವಿದೇಶಿ ಆದಾಯ ಅಂತ. ಅಲ್ಲ. ಕೆಲಸ ನಡೆದದ್ದು ಇಲ್ಲಿ, ಸಂಬಳ ಯಾವ ದೇಶದ ಬ್ಯಾಂಕಿಗೆ ಬಿದ್ದರೂ ತೆರಿಗೆ ಇಲ್ಲಿಯದೇ. ಅಲ್ಲಿನ ಷೇರಿನ ಹಣವೂ ಮೊದಲು ಅಲ್ಲಿನ ಬ್ಯಾಂಕಿಗೇ ಬರಲಿ. ನೇರ ಇಲ್ಲಿನ ಖಾತೆಗೆ ಬಿದ್ದರೆ 'ಭಾರತದಲ್ಲಿ ಸ್ವೀಕರಿಸಿದ ಆದಾಯ' ಎಂಬ ತಕರಾರಿಗೆ ದಾರಿ. ಅಲ್ಲಿ ಬಂದದ್ದನ್ನು ಆಮೇಲೆ ಇಲ್ಲಿಗೆ ತರಿಸಿಕೊಂಡರೆ ಆ ತಾಪತ್ರಯವಿಲ್ಲ.

ಹೊಸ್ತಿಲ ಕಾಲದ ದೊಡ್ಡ ಉಪಯೋಗ ಷೇರಿನಲ್ಲಿದೆ. ಎಚ್-1ಬಿ ಕೆಲಸದ ವೀಸಾದಲ್ಲಿದ್ದು ಬಿಟ್ಟುಬಂದವರು ಅಮೆರಿಕದ ತೆರಿಗೆಗೂ ಅನಿವಾಸಿಗಳಾಗುತ್ತಾರೆ. ಅಂಥವರ ಷೇರು ಲಾಭಕ್ಕೆ ಅಮೆರಿಕ ಸಾಮಾನ್ಯವಾಗಿ ತೆರಿಗೆ ಹಾಕುವುದಿಲ್ಲ, ಭಾರತವೂ ಸುಮ್ಮನಿರುತ್ತದೆ. ಹಳೆಯ ಬೆಲೆಯ ಷೇರನ್ನು ಈ ಅವಧಿಯಲ್ಲಿ ಮಾರಿ, ಬೇಕಿದ್ದರೆ ಅದನ್ನೇ ಮತ್ತೆ ಕೊಂಡರೆ, ಮುಂದಿನ ಲಾಭದ ಲೆಕ್ಕ ಹೊಸ ಬೆಲೆಯಿಂದ ಶುರು. ಗ್ರೀನ್ ಕಾರ್ಡ್ ಇಟ್ಟುಕೊಂಡವರಿಗೂ ಅಲ್ಲಿನ ಪೌರರಿಗೂ ಈ ಭಾಗ್ಯವಿಲ್ಲ, ಅವರ ಬೆನ್ನಿಗೆ ಅಮೆರಿಕ ಎಲ್ಲಿ ಹೋದರೂ ಇದ್ದೇ ಇರುತ್ತದೆ. ಅವರು ಇಲ್ಲಿನ ಮ್ಯೂಚುವಲ್ ಫಂಡ್‌ಗೆ ಕೈಹಾಕುವ ಮುಂಚೆಯೂ ಎರಡು ಸಲ ಯೋಚಿಸಬೇಕು, ಹೊರದೇಶದ ಫಂಡ್‌ಗಳ ಮೇಲಿನ ಅಲ್ಲಿನ ಪಿಎಫ್‌ಐಸಿ ಎಂಬ ತೆರಿಗೆ ನಿಯಮ ಬಲು ಕಠಿಣ.

401(ಕೆ) ನಿವೃತ್ತಿ ಖಾತೆಗೆ ಈ ಆತುರ ಬೇಡ ಎಂದು ನನ್ನ ಅಭಿಪ್ರಾಯ. ಅನಿವಾಸಿಗೆ ಸಾಮಾನ್ಯವಾಗಿ ಶೇ 30 ಹಿಡಿದೇ ಕೊಡುತ್ತಾರೆ, ಐವತ್ತೊಂಬತ್ತೂವರೆ ವಯಸ್ಸಿಗೆ ಮುಂಚೆ ತೆಗೆದರೆ ಮೇಲೆ ಶೇ 10 ದಂಡ. ಪೂರ್ತಿ ನಿವಾಸಿಯಾದ ಮೇಲೂ, ಅಮೆರಿಕ, ಬ್ರಿಟನ್, ಕೆನಡಾಗಳ ಇಂಥ ಖಾತೆಗಳ ತೆರಿಗೆಯನ್ನು ಹಣ ತೆಗೆಯುವ ತನಕ ಮುಂದೂಡುವ ಆಯ್ಕೆಯನ್ನು ಭಾರತ ಕೊಟ್ಟಿದೆ. ಅಲ್ಲೇ ಬಿಡುವ ಷೇರಿನ ವಿಷಯದಲ್ಲಿ ಯಾರೂ ಎತ್ತದ ಮಾತೊಂದಿದೆ: ಅಲ್ಲಿ ನೆಲೆಸದ ಪರದೇಶಿ ತೀರಿಕೊಂಡರೆ, 60,000 ಡಾಲರ್ ಮೀರಿದ ಅಮೆರಿಕದ ಆಸ್ತಿಗೆ ಶೇ 40ರವರೆಗೆ ಎಸ್ಟೇಟ್ ತೆರಿಗೆ ಬೀಳುತ್ತದೆ. ಷೇರೂ ಆ ಆಸ್ತಿಯಲ್ಲಿ ಸೇರಿದೆ.

ದುಬೈ, ಕತಾರ್ ಕಡೆಯ ಕರಾವಳಿಯವರಿಗೆ ಒಂದು ಮಾತು. ಭಾರತದ ಪೌರರಾಗಿದ್ದು, ವಿದೇಶಿ ಮೂಲ ಬಿಟ್ಟು ಉಳಿದ ಆದಾಯ 15 ಲಕ್ಷ ದಾಟಿ, ಬೇರೆ ಯಾವ ದೇಶದಲ್ಲೂ ನಿವಾಸಿಯಾಗಿ ತೆರಿಗೆಗೆ ಒಳಪಡದಿದ್ದರೆ, 2020ರ ತಿದ್ದುಪಡಿ ಅವರನ್ನು ಅಲ್ಲಿ ಕೂತಲ್ಲೇ ಆರ್‌ಎನ್‌ಒಆರ್ ಮಾಡುತ್ತದೆ.

ಹೊಸ್ತಿಲು ದಾಟಿದ ಮೇಲೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ಪಟ್ಟಿ ತುಂಬಬೇಕು, ಮರೆತುಹೋದ ಹಳೇ ಬ್ಯಾಂಕ್ ಖಾತೆಯನ್ನೂ ಸೇರಿಸಿ. ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ದಂಡಕ್ಕೆ ಅವಕಾಶವಿದೆ. ಮನೆ, ಜಮೀನು ಬಿಟ್ಟು ಉಳಿದ ಆಸ್ತಿ ಒಟ್ಟು 20 ಲಕ್ಷ ಮೀರದಿದ್ದರೆ ಈ ದಂಡವಿಲ್ಲ.

ಭಾಮೈದನ ಷೇರುಗಳು ಇನ್ನೂ ಹಾಗೇ ಇವೆ. "ಮಾರ್ಚ್ 31ರವರೆಗೂ ಟೈಮ್ ಇದೆಯಲ್ಲ ಭಾವ" ಅಂತಾನೆ. 2027ರ ಮಾರ್ಚ್ 31 ಬುಧವಾರ, ಅವತ್ತು ಅಮೆರಿಕದ ಪೇಟೆ ತೆರೆಯುವುದು ನಮ್ಮ ಸಂಜೆ ಏಳಕ್ಕೆ. ಫೆಬ್ರವರಿಯಲ್ಲೇ ಮುಗಿಸು ಮಾರಾಯ ಎಂದಿದ್ದೇನೆ.