ಉದ್ದ ತೊಟ್ಟು, ಪುಟ್ಟ ಟೊಪ್ಪಿಗೆ

ಅಣಬೆ ಬೆಳೆಯುವವರು ನನಗೆ ಕಳುಹಿಸುವ ಚಿತ್ರಗಳಲ್ಲಿ ಹೆಚ್ಚಿನವು ಒಂದನ್ನೊಂದು ಹೋಲುತ್ತವೆ. ಚೀಲದ ಸೀಳಿನಿಂದ ಹೊರಬಂದ ಚಿಪ್ಪಣಬೆಯ ಗೊಂಚಲು, ಬೆರಳುದ್ದದ ತೊಟ್ಟುಗಳು, ಅವುಗಳ ತುದಿಯಲ್ಲಿ ಅಂಗಿಯ ಗುಂಡಿಯಷ್ಟೇ ಇರುವ ಟೊಪ್ಪಿಗೆಗಳು. ಯಾವ ಪೋಷಕಾಂಶ ಕಡಿಮೆಯಾಗಿದೆ, ಏನನ್ನು ಸಿಂಪಡಿಸಬೇಕು ಎಂಬ ಪ್ರಶ್ನೆಯೂ ಜೊತೆಗಿರುತ್ತದೆ. ಏನನ್ನೂ ಸಿಂಪಡಿಸಬೇಡಿ ಎಂದರೆ, ನಾನು ಏನನ್ನೋ ಮುಚ್ಚಿಡುತ್ತಿದ್ದೇನೆಂದು ಶಂಕಿಸುವವರಿದ್ದಾರೆ. ಮುಚ್ಚಿಟ್ಟವರು ಅವರೇ, ಅದೂ ತಮ್ಮ ಕೋಣೆಯ ಕಿಟಕಿಗಳನ್ನು.

ಹುಲ್ಲನ್ನು ಹದಗೊಳಿಸುವುದು, ಬೀಜ ಬೆರೆಸುವುದು ಮುಂತಾದವನ್ನು ಇಲ್ಲಿ ವಿವರಿಸುವುದಿಲ್ಲ. ಚೀಲವೆಲ್ಲ ಬೆಳ್ಳಗೆ ಕಟ್ಟುವ ಹಂತ ತಲುಪಿದವರಿಗೆ ಅವು ಗೊತ್ತಿರುತ್ತವೆ. ತೊಡಕಿರುವುದು ಅಣಬೆಯನ್ನು ಗಿಡವೆಂದು ಕಾಣುವ ಹಳೆಯ ಅಭ್ಯಾಸದಲ್ಲಿ. ಅಮೆರಿಕದ ಪರಿಸರವಿಜ್ಞಾನಿ ವಿಟ್ಟೇಕರ್ 1969ರಲ್ಲಿ ಪ್ರಕಟಿಸಿದ ಜೀವಿಗಳ ವರ್ಗೀಕರಣ ಶಿಲೀಂಧ್ರಗಳಿಗೆ ಪ್ರತ್ಯೇಕ ಸಾಮ್ರಾಜ್ಯವನ್ನೇ ಕೊಟ್ಟಿತು. ಮುಂದೆ ವಂಶವಾಹಿಗಳ ಹೋಲಿಕೆಯಿಂದ ಅವು ಸಸ್ಯಗಳಿಗಿಂತ ಪ್ರಾಣಿಗಳಿಗೇ ಹತ್ತಿರದ ನೆಂಟರೆಂದು ತಿಳಿಯಿತು. ಅವುಗಳ ಕೋಶಭಿತ್ತಿಯಲ್ಲಿರುವುದು ಕೀಟಗಳ ಹೊರಕವಚದಲ್ಲಿಯೂ ಸಿಗುವ ಕೈಟಿನ್. ಕೂಡಿಟ್ಟುಕೊಳ್ಳುವ ಆಹಾರ ಪಿಷ್ಟವಲ್ಲ, ನಮ್ಮ ಯಕೃತ್ತಿನಲ್ಲಿರುವ ಗ್ಲೈಕೋಜನ್. ಎಲೆಹಸಿರಿಲ್ಲದ ಈ ಜೀವಿ ಕಿಣ್ವಗಳನ್ನು ಹೊರಕ್ಕೆ ಸ್ರವಿಸಿ, ಹುಲ್ಲಿನ ಸೆಲ್ಯುಲೋಸ್ ಮತ್ತು ಲಿಗ್ನಿನ್‌ಗಳನ್ನು ಒಡೆದು, ಕರಗಿದ್ದನ್ನು ಹೀರಿ, ಆಮ್ಲಜನಕದ ನೆರವಿನಿಂದ ಅದರಿಂದ ಶಕ್ತಿ ಪಡೆಯುತ್ತದೆ. ಚೀಲ ದಿನೇದಿನೇ ಹಗುರವಾಗುವುದಕ್ಕೆ ನೀರು ಆರುವುದೊಂದೇ ಕಾರಣವಲ್ಲ. ಹುಲ್ಲಿನ ಒಣತೂಕದ ಗಣನೀಯ ಪಾಲು ಇಂಗಾಲದ ಡೈಆಕ್ಸೈಡ್ ಆಗಿ ನಿಮ್ಮ ಕೋಣೆಯನ್ನು ಸೇರುತ್ತಿರುತ್ತದೆ.

ಇಷ್ಟನ್ನು ಒಪ್ಪಿಕೊಂಡವರೂ ಎಡವುವ ಜಾಗವೊಂದಿದೆ. ಕವಕಜಾಲ, ಅಂದರೆ ಶಿಲೀಂಧ್ರದ ಬಿಳಿ ಎಳೆಗಳ ಬಲೆ, ಹುಲ್ಲಿನಲ್ಲಿ ಹಬ್ಬುವ ವಾರಗಳಲ್ಲಿ ಈ ಅನಿಲ ಶಿಲೀಂಧ್ರಕ್ಕೆ ತೊಂದರೆ ಕೊಡುವುದಿಲ್ಲ. ಚಿಪ್ಪಣಬೆಯ ಎಳೆಗಳು ಚೀಲದೊಳಗಿನ ಇಂಗಾಲದ ಡೈಆಕ್ಸೈಡ್ ಶೇಕಡಾ 20ರ ಸುಮಾರಿಗೆ ಏರಿದರೂ ಚೆನ್ನಾಗಿಯೇ ಬೆಳೆಯುತ್ತವೆ. ಅನೇಕ ಸ್ಪರ್ಧಿ ಶಿಲೀಂಧ್ರಗಳಿಗೆ ಅಷ್ಟು ಸಹನೆಯಿಲ್ಲವಾದ್ದರಿಂದ ಅದು ಒಂದು ಬಗೆಯ ರಕ್ಷಣೆಯೂ ಹೌದು. ಹೊರಗಿನ ಗಾಳಿಯಲ್ಲಿ ಇದರ ಪ್ರಮಾಣ ಹತ್ತು ಲಕ್ಷ ಭಾಗಗಳಲ್ಲಿ 420ಕ್ಕೆ ತುಸು ಹೆಚ್ಚು, ಅಂದರೆ ಶೇಕಡಾ 0.04. ಅಣಬೆ ಮೂಡುವ ಹಂತಕ್ಕೆ ಬಂದೊಡನೆ ಲೆಕ್ಕ ತಲೆಕೆಳಗಾಗುತ್ತದೆ. ಅದೇ ಶಿಲೀಂಧ್ರ ಈಗ ಬಯಸುವುದು ಸುಮಾರು 1000 ಭಾಗಗಳಿಗಿಂತ ಕಡಿಮೆಯಿರುವ ಗಾಳಿಯನ್ನು. ಮೊದಲ ಹಂತದಲ್ಲಿ ಕೋಣೆ ಮುಚ್ಚಿದ್ದರಿಂದ ಒಳ್ಳೆಯದಾಯಿತೆಂಬ ಅನುಭವವೇ ಎರಡನೆಯ ಹಂತದಲ್ಲಿ ಬೆಳೆಗಾರರನ್ನು ದಾರಿ ತಪ್ಪಿಸುತ್ತದೆ.

ತೊಟ್ಟು ಉದ್ದವಾಗುವುದು ರೋಗವಲ್ಲ. ಟೊಪ್ಪಿಗೆಯ ಅಡಿಯ ಪದರಗಳಿಂದ ಬೀಜಾಣು ಹೊರಡುವುದು ಒಂದು ಸೂಕ್ಷ್ಮ ನೀರಹನಿಯ ಬಲದಿಂದ. ಕೆನಡಾದಲ್ಲಿ ಶಿಲೀಂಧ್ರಗಳನ್ನು ಅಧ್ಯಯನ ಮಾಡಿದ ಬುಲ್ಲರ್ ಹೆಸರಿನಲ್ಲೇ ಆ ಹನಿಯನ್ನು ಕರೆಯುತ್ತಾರೆ. ಹನಿ ಬೀಜಾಣುವಿನ ಮೈಮೇಲಿನ ನೀರಿನೊಡನೆ ಕೂಡಿಕೊಂಡಾಗ ಮೇಲ್ಮೈ ಸೆಳೆತದಿಂದ ಬೀಜಾಣು ಚಿಮ್ಮುತ್ತದೆ, ಆದರೆ ಒಂದು ಮಿಲಿಮೀಟರಿನ ಅಲ್ಪಭಾಗದಷ್ಟು ದೂರ ಮಾತ್ರ. ಮುಂದಿನ ಪ್ರಯಾಣಕ್ಕೆ ಚಲಿಸುವ ಗಾಳಿ ಬೇಕು. ಟೊಪ್ಪಿಗೆಯಿಂದ ನೀರು ಆವಿಯಾಗಿ ಸುತ್ತಲಿನ ಗಾಳಿ ತಂಪಾಗುವುದರಿಂದ ಅಣಬೆ ತನ್ನದೇ ಒಂದು ಮಂದ ಗಾಳಿಯೋಟವನ್ನು ಸೃಷ್ಟಿಸಿಕೊಳ್ಳುತ್ತದೆಂದು 2016ರ ಒಂದು ಅಧ್ಯಯನ ತೋರಿಸಿದೆ. ಇಂಗಾಲದ ಡೈಆಕ್ಸೈಡ್ ದಟ್ಟವಾಗಿದ್ದರೆ, ತಾನಿನ್ನೂ ಮರದ ಪೊಟರೆಯೊಳಗೋ ಎಲೆಗಸದ ಅಡಿಯಲ್ಲೋ ಇದ್ದೇನೆಂಬಂತೆ ಅಣಬೆ ವರ್ತಿಸುತ್ತದೆ: ಟೊಪ್ಪಿಗೆ ಅರಳಿಸುವುದನ್ನು ಮುಂದೂಡಿ, ಬಯಲನ್ನು ತಲುಪಲು ತೊಟ್ಟನ್ನು ಚಾಚುತ್ತದೆ. ಅದಕ್ಕೆ ಗೊಬ್ಬರದ ಮಾತು ಅರ್ಥವಾಗುವುದಾದರೂ ಹೇಗೆ?

“ಫ್ಯಾನ್ ಹಾಕಿದ್ದೇನಲ್ಲ ಸರ್” ಎಂಬ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ಮುಚ್ಚಿದ ಕೋಣೆಯ ಫ್ಯಾನ್ ಒಳಗಿನ ಗಾಳಿಯನ್ನು ಒಳಗೇ ಸುತ್ತಿಸುತ್ತದೆ. ಉಪ್ಪುನೀರನ್ನು ಕಲಕಿದರೆ ಉಪ್ಪು ಕಡಿಮೆಯಾಗುವುದಿಲ್ಲ. ಒಳಗಿನದು ಹೊರಹೋಗಲು ಒಂದು ದಾರಿ, ಹೊರಗಿನದು ಒಳಬರಲು ಮತ್ತೊಂದು ದಾರಿ ಇದ್ದರೆ ಮಾತ್ರ ಗಾಳಿ ಬದಲಾಯಿತೆನ್ನಬಹುದು. ಇಂಗಾಲದ ಡೈಆಕ್ಸೈಡ್ ಅಳೆಯುವ ಮಾಪಕ ಕೊಂಡವರೂ ಅದನ್ನು ಬಾಗಿಲ ಬಳಿ ತೂಗುಹಾಕಿ ನೆಮ್ಮದಿಯಾಗಿರುತ್ತಾರೆ. ಅದನ್ನು ಗೊಂಚಲುಗಳ ಎತ್ತರದಲ್ಲಿ, ಚೀಲಗಳ ನಡುವೆ ಇಡಬೇಕು. ಇಟ್ಟು ದೂರ ಸರಿಯಬೇಕು. ನಾವು ಬಿಡುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಶೇಕಡಾ 4ರಷ್ಟಿರುವುದರಿಂದ, ಬಗ್ಗಿ ನೋಡುತ್ತಾ ಓದಿದ ಅಂಕಿ ಅಣಬೆಯದ್ದಲ್ಲ, ನಿಮ್ಮದು.

ತೆರೆದರೆ ತೇವ ಹೋಗುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಈ ಹಂತದಲ್ಲಿ ಗಾಳಿಯ ತೇವಾಂಶ ಶೇಕಡಾ 85ರಿಂದ 90ರ ಆಸುಪಾಸಿನಲ್ಲಿರಬೇಕು, ಒಣಗಾಳಿಗೆ ಸಿಕ್ಕ ಮೊಗ್ಗುಗಳು ಸುಟ್ಟಂತೆ ಕಂದುತ್ತವೆ. ಒಳಬರುವ ಗಾಳಿಯನ್ನೇ ಒದ್ದೆ ಬಟ್ಟೆಯ ಅಥವಾ ಮಂಜಿನ ಮೂಲಕ ಹಾಯಿಸುವುದು ಇದಕ್ಕಿರುವ ಪರಿಹಾರ, ಕಿಂಡಿಗಳನ್ನು ಮುಚ್ಚುವುದಲ್ಲ. ನನಗೆ ಪರಿಚಯವಿರುವ ಒಬ್ಬ ದಂಪತಿಯಷ್ಟು ಶ್ರದ್ಧೆಯ ಬೆಳೆಗಾರರನ್ನು ನಾನು ಕಂಡಿಲ್ಲ. ನೊಣ ಬಾರದಿರಲೆಂದು ಬಾಗಿಲ ಸಂದಿಗೂ ಬಟ್ಟೆ ತುರುಕಿದ್ದರು, ನೆಲ ಕನ್ನಡಿಯಂತಿತ್ತು, ಅಣಬೆಗಳು ಮಾತ್ರ ಕಡ್ಡಿಗಳಂತಿದ್ದವು. ಅವರ ಶ್ರದ್ಧೆಯೇ ಬೆಳೆಯ ಉಸಿರು ಕಟ್ಟಿಸಿದೆಯೆಂದು ಹೇಳಲು ನನಗೆ ನಿಜವಾಗಿಯೂ ಸಂಕೋಚವಾಯಿತು. ಕಿಂಡಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ ತೆರೆದಿಟ್ಟ ಮೇಲೆ ಮುಂದಿನ ಗೊಂಚಲು ಅಗಲವಾಗಿ ಅರಳಿತು.

ಚಿತ್ರವೊಂದನ್ನು ನೋಡಿ ಖಚಿತ ತೀರ್ಪು ಕೊಡುವುದು ಸರಿಯಲ್ಲವೆಂದೂ ಹೇಳಬೇಕು. ಬೆಳಕು ತೀರ ಕಡಿಮೆಯಿದ್ದರೂ ಚಿಪ್ಪಣಬೆಯ ತೊಟ್ಟು ಹೀಗೆಯೇ ನೀಳವಾಗುತ್ತದೆ. ಮೂಡುವ ಹಂತದಲ್ಲಿ ಪೂರ್ತಿ ಕತ್ತಲೆ ಬೇಕೆಂಬ ನಂಬಿಕೆ ತಪ್ಪು. ತಳಿಯಿಂದ ತಳಿಗೆ ಸಹನೆಯೂ ಬೇರೆ. ಎನೋಕಿ ಎಂಬ ಅಣಬೆಯನ್ನು ಬೆಳೆಯುವವರು ನೀಳ ತೊಟ್ಟು ಬೇಕೆಂದೇ ಇಂಗಾಲದ ಡೈಆಕ್ಸೈಡನ್ನು ಉಳಿಸಿಕೊಳ್ಳುತ್ತಾರೆ, ರೀಶಿ ಅಣಬೆಯನ್ನು ಜಿಂಕೆಯ ಕೊಂಬಿನ ಆಕಾರದಲ್ಲಿ ಪಡೆಯುವುದೂ ಅದೇ ಉಪಾಯದಿಂದ. ಇನ್ನು, ಗಾಳಿಯಾಡದ ಕೋಣೆಯಲ್ಲಿ ತುಂಬಿಕೊಳ್ಳುವ ಬೀಜಾಣುಗಳು ಕೆಲವರ ಶ್ವಾಸಕೋಶದಲ್ಲಿ ಅಲರ್ಜಿಯ ಉರಿಯೂತ ಉಂಟುಮಾಡುತ್ತವೆ. ಕೊಯ್ಯುವಾಗ ಮಾಸ್ಕ್ ಧರಿಸಿ, ಕೆಮ್ಮು ಜ್ವರ ಮರುಕಳಿಸಿದರೆ ವೈದ್ಯರಿಗೆ ನಿಮ್ಮ ಕಸುಬನ್ನು ತಪ್ಪದೆ ತಿಳಿಸಿ.

ಈಗಾಗಲೇ ನೀಳವಾದ ಗೊಂಚಲನ್ನು ಕಾಯುತ್ತಾ ಕೂರಬೇಡಿ. ಬುಡಸಮೇತ ತಿರುವಿ ಕಿತ್ತುಬಿಡಿ, ಉಳಿದ ತುಂಡುಗಳು ಕೊಳೆತು ನೊಣಗಳನ್ನು ಕರೆಯುತ್ತವೆ. ಚೀಲವನ್ನು ಎಸೆಯಬೇಡಿ, ಬೀಜ ಕೊಟ್ಟವರ ಜೊತೆ ಜಗಳವನ್ನೂ ತೆಗೆಯಬೇಡಿ. ಬೆಳ್ಳಗೆ, ಗಟ್ಟಿಯಾಗಿ ಕಟ್ಟಿದ ಚೀಲದಲ್ಲಿ ಇನ್ನೂ ಒಂದೆರಡು ಬೆಳೆಗಾಗುವಷ್ಟು ಆಹಾರವಿರುತ್ತದೆ.